ಡಿಶ್ಲಿಯ ಗೇಣಿ ರೈತ ರಾಬರ್ಟ್ ಬೇಕ್‌ವೆಲ್ : ಕಡಸಿನ ಬೆಲೆಗೆ ಲೆಕ್ಕ ಕಲಿಸಿದವನು



ಗಬ್ಬದ ಕಡಸು ಮಾರುವಾಗ ಆಗುವ ಪೇಚಾಟ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾನೆ. ವ್ಯಾಪಾರ ಮುಗಿದ ಮೇಲೆ ಮಾರಿದವನಿಗೆ ಕಡಿಮೆಗೆ ಕೊಟ್ಟುಬಿಟ್ಟೆನಲ್ಲಾ ಅಂತ ಸಂಕಟ, ಕೊಂಡವನಿಗೆ ಮೋಸ ಹೋದೆನೇನೋ ಅಂತ ಅನುಮಾನ. ಇಬ್ಬರಿಗೂ ರಾತ್ರಿ ನಿದ್ದೆ ಬರೋದಿಲ್ಲ. ಹಾಗಾದರೆ ಒಂದು ಕಡಸಿಗೆ ನ್ಯಾಯವಾದ ಬೆಲೆ ಯಾವುದು? ಅದನ್ನು ಕಟ್ಟೋದು ಹೇಗೆ?

ಈ ಪ್ರಶ್ನೆಯನ್ನು ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಗಂಭೀರವಾಗಿ ತೆಗೆದುಕೊಂಡ ಒಬ್ಬ ರೈತನಿದ್ದ. ಆತ ರಾಜನಲ್ಲ, ಜಮೀನ್ದಾರನಲ್ಲ, ನಮ್ಮ ಹಾಗೆ ಮಣ್ಣಿನಲ್ಲಿ ದುಡಿದ ಗೇಣಿದಾರ. ಹೆಸರು ರಾಬರ್ಟ್ ಬೇಕ್‌ವೆಲ್, ಊರು ಇಂಗ್ಲೆಂಡ್ ದೇಶದ ಲೆಸ್ಟರ್‌ಶೈರ್. ಆತ ದನ ಸಾಕಿದ್ದು ಮುಖ್ಯವಾಗಿ ಮಾಂಸಕ್ಕೆ, ನಮ್ಮಲ್ಲಿ ಹಾಲಿಗೆ ಮತ್ತು ಗೇಯ್ಮೆಗೆ. ಆ ವ್ಯತ್ಯಾಸ ಹಾಗೇ ಇರಲಿ. ಆತನ ಲೆಕ್ಕ ಮತ್ತು ಆತನ ತಪ್ಪು ಎರಡೂ ನಮಗೆ ಬೇಕಾದವು. ಅದಕ್ಕಾಗಿ ನಮ್ಮ ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಆತನ ಜೀವನವನ್ನು ನನಗೆ ತಿಳಿದ ಮಟ್ಟಿಗೆ ಬರೆದಿದ್ದೇನೆ.

ಬೇಕ್‌ವೆಲ್ ಹುಟ್ಟಿದ್ದು 1725ರಲ್ಲಿ, ಲಫ್‌ಬರೋ ಪಟ್ಟಣದ ಹತ್ತಿರ ಡಿಶ್ಲಿ ಎಂಬಲ್ಲಿ. ತಾತ, ತಂದೆ ಇಬ್ಬರೂ ಅದೇ ಜಮೀನನ್ನು ಗೇಣಿಗೆ ಮಾಡಿದವರು. ಸುಮಾರು 440 ಎಕರೆ, ಅದರಲ್ಲಿ ಹೆಚ್ಚಿನ ಪಾಲು ಹುಲ್ಲುಗಾವಲು. ಹುಡುಗ ಪ್ರಾಯಕ್ಕೆ ಬಂದ ಮೇಲೆ ಮನೆಯಲ್ಲಿ ಕೂರದೆ ಊರೂರು ತಿರುಗಿ, ಎಲ್ಲಿ ಯಾರು ದನ ಕುರಿ ಹೇಗೆ ಸಾಕುತ್ತಾರೆ ಅಂತ ಕಣ್ಣಾರೆ ನೋಡಿದ. 1760ರ ಹೊತ್ತಿಗೆ ಜಮೀನಿನ ಹೊಣೆ ಆತನ ಕೈಗೆ ಬಂದಿತ್ತು. ಮದುವೆಯಾಗಲಿಲ್ಲ. ಸೋದರಿ ಹ್ಯಾನಾ ಮನೆಯ ಆಡಳಿತ ನೋಡಿಕೊಳ್ಳುತ್ತಿದ್ದಳು.

ಆ ಕಾಲದ ಇಂಗ್ಲೆಂಡಿನಲ್ಲಿ ದನದ ಬೆಲೆ ಹೇಗೆ ನಡೆಯುತ್ತಿತ್ತು ಅಂದರೆ, ಎತ್ತರ ಎಷ್ಟು, ಮೂಳೆ ಎಷ್ಟು ದಪ್ಪ, ಕೊಂಬು ಎಷ್ಟು ಚೆಂದ, ಇಷ್ಟೇ ನೋಡುತ್ತಿದ್ದರು. ಎಷ್ಟೋ ಕಡೆ ಹೋರಿ, ಹಸು, ಕಡಸು ಎಲ್ಲವನ್ನೂ ಒಂದೇ ಮಾಳದಲ್ಲಿ ಬಿಡುತ್ತಿದ್ದರು. ಯಾವ ಕಡಸು ಯಾವ ಹೋರಿಗೆ ಗಬ್ಬವಾಯ್ತು ಅಂತ ದೇವರಿಗೇ ಗೊತ್ತು. ಹೊಟ್ಟೆಯಲ್ಲಿರುವ ಕರುವಿನ ತಂದೆ ಯಾರು ಅಂತ ಗೊತ್ತಿಲ್ಲದ ಮೇಲೆ ಆ ಗಬ್ಬಕ್ಕೆ ಬೆಲೆ ಹೇಗೆ ಕಟ್ಟುತ್ತೀರಿ? ಬೇಕ್‌ವೆಲ್ ಮಾಡಿದ ಮೊದಲ ಕೆಲಸ ಇದೇ : ಹೆಣ್ಣನ್ನು ಬೇರೆ, ಗಂಡನ್ನು ಬೇರೆ ಮಾಡಿದ. ತಾನು ಆರಿಸಿದ ಹೋರಿಗೆ ತಾನು ಆರಿಸಿದ ಕಡಸನ್ನೇ ಕೂಡಿಸಿದ.

ಎರಡನೆಯದಾಗಿ, ದನದ ಬೆಲೆ ಕೊಂಬಿನಲ್ಲಿಲ್ಲ ಅನ್ನೋದನ್ನು ಕಂಡುಕೊಂಡ. ತಿಂದ ಹುಲ್ಲಿಗೆ ಪ್ರತಿಯಾಗಿ ಆ ರಾಸು ಏನು ಕೊಡುತ್ತೆ ಅನ್ನೋದೇ ಬೆಲೆ. ದೊಡ್ಡ ಮೂಳೆಯ ದನ ಹೆಚ್ಚು ತಿನ್ನುತ್ತೆ, ಆದರೆ ಮೂಳೆಯನ್ನು ಯಾರೂ ಕೊಳ್ಳೋದಿಲ್ಲ. ಸಣ್ಣ ಮೂಳೆ, ಬೇಗ ಮೈ ತುಂಬುವ ಗುಣ, ಹೆಚ್ಚು ಬೆಲೆ ಬರುವ ಭಾಗದಲ್ಲೇ ಹೆಚ್ಚು ಮಾಂಸ, ಇವು ಆತನ ಗುರಿ. ಕಟುಕರ ಅಂಗಡಿಯಲ್ಲಿ ಯಾವ ಭಾಗ ಯಾವ ದರಕ್ಕೆ ಹೋಗುತ್ತೆ ಅನ್ನೋದನ್ನು ಕೊಟ್ಟಿಗೆಯಲ್ಲಿ ನಿಂತು ಯೋಚಿಸಿದವನು ಈತ. ಮೇವನ್ನು ತೂಗಿ ಹಾಕಿ, ಯಾವುದು ಎಷ್ಟು ತಿಂದು ಎಷ್ಟು ಬೆಳೆಯಿತು ಅಂತ ಹೋಲಿಸಿ ನೋಡುತ್ತಿದ್ದ. ಸತ್ತ ರಾಸುಗಳ ಅಸ್ಥಿಪಂಜರವನ್ನೂ ಉಪ್ಪುನೀರಿನಲ್ಲಿ ಕೆಡದಂತೆ ಇಟ್ಟ ಮಾಂಸದ ತುಂಡುಗಳನ್ನೂ ಮನೆಯಲ್ಲಿ ಜೋಡಿಸಿದ್ದ. ಹಿಂದಿನ ತಲೆಮಾರಿಗೂ ಈಗಿನದಕ್ಕೂ ಏನು ಸುಧಾರಿಸಿತು ಅಂತ ಬಂದವರಿಗೆ ತೋರಿಸಿ ಹೇಳಬಹುದಿತ್ತು.

ದನಗಳಲ್ಲಿ ಆತ ಹಿಡಿದದ್ದು ಲಾಂಗ್‌ಹಾರ್ನ್, ಅಂದರೆ ಉದ್ದ ಕೊಂಬಿನ ತಳಿ. ಕವೆಂಟ್ರಿ ಪಟ್ಟಣದ ಹತ್ತಿರ ಕ್ಯಾನ್ಲಿ ಎಂಬಲ್ಲಿ ವೆಬ್‌ಸ್ಟರ್ ಎಂಬ ರೈತನಿದ್ದ. ಅವನ ಹಿಂಡು ಆ ಸೀಮೆಗೇ ಹೆಸರಾಗಿತ್ತು. ಅಲ್ಲಿಂದ ಬೇಕ್‌ವೆಲ್ ಎರಡು ಕಡಸುಗಳನ್ನು ತಂದ, ಉತ್ತರದ ವೆಸ್ಟ್‌ಮೋರ್‌ಲ್ಯಾಂಡ್ ಸೀಮೆಯಿಂದ ಒಂದು ಹೋರಿ ತಂದ. ಇಷ್ಟರಿಂದಲೇ ಹಿಂಡು ಬೆಳೆಸಿದ. ಎರಡು ಒಳ್ಳೆಯ ಕಡಸು ಒಂದು ಮನೆತನದ ಭಾಗ್ಯವನ್ನೇ ಬದಲಾಯಿಸಬಲ್ಲವು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಈ ಬಳಗದಲ್ಲಿ ಹುಟ್ಟಿದ ಟೂಪೆನ್ನಿ ಎಂಬ ಹೋರಿ ತಳಿಗೇ ಮೂಲಪುರುಷನಂತಾಯ್ತು. ಟೂಪೆನ್ನಿ ಅಂದರೆ ಎರಡು ಕಾಸಿನದು ಅಂತ ಅರ್ಥ. ಹೆಸರು ಎರಡು ಕಾಸು, ಸಂತಾನಕ್ಕೆ ಮಾತ್ರ ಚಿನ್ನದ ಬೆಲೆ.

ಗುಣ ನಿಲ್ಲಬೇಕು ಅಂತ ಹತ್ತಿರದ ರಕ್ತದಲ್ಲೇ ಕೂಡಿಸುತ್ತಿದ್ದ. ತಂದೆ ಹೋರಿಗೆ ಮಗಳು ಕಡಸು, ಹೀಗೆ. ಆಗಿನವರಿಗೆ ಇದು ಅಪಚಾರದಂತೆ ಕಂಡಿತು. ಆದರೆ ಕರುಗಳು ಅಚ್ಚು ಹಾಕಿದಂತೆ ಒಂದೇ ಥರ ಹುಟ್ಟಿದವು. ಕೊಳ್ಳುವವನಿಗೆ ಇದೇ ಬೇಕಾಗಿದ್ದು. ಹುಟ್ಟುವ ಕರು ಹೇಗಿರುತ್ತೆ ಅಂತ ಮುಂಚೆಯೇ ಹೇಳಬಹುದಾದರೆ ಗಬ್ಬದ ಕಡಸಿಗೆ ಧೈರ್ಯವಾಗಿ ದುಡ್ಡು ಹಾಕಬಹುದು.

ರಾಸುಗಳನ್ನು ಆತ ಸಾಕುತ್ತಿದ್ದ ರೀತಿಯೂ ಹೇಳಬೇಕಾದ್ದು. ಆರ್ಥರ್ ಯಂಗ್ ಎಂಬ ಹೆಸರಾಂತ ಕೃಷಿ ಬರಹಗಾರ ಡಿಶ್ಲಿಗೆ ಬಂದು ನೋಡಿ ಬರೆದಿದ್ದಾನೆ. ಭಾರೀ ಹೋರಿಗಳನ್ನು ಸಣ್ಣ ಹುಡುಗ ಒಂದು ಬರಲು ಹಿಡಿದು ನಡೆಸಿಕೊಂಡು ಹೋಗುತ್ತಿದ್ದನಂತೆ. ಹೊಡೆತ, ಬೈಗುಳ ಇರಲಿಲ್ಲ. ಗದ್ದೆಗೆ ಕಾಲುವೆ ತೆಗೆದು ನೀರು ಹಾಯಿಸಿ ವರ್ಷಕ್ಕೆ ಹಲವು ಸಲ ಹುಲ್ಲು ಕೊಯ್ಯುತ್ತಿದ್ದ. ಟರ್ನಿಪ್ ಗೆಡ್ಡೆಗಳನ್ನು ಅದೇ ಕಾಲುವೆಯಲ್ಲಿ ತೇಲಿಬಿಟ್ಟರೆ ಅವು ತೊಳೆದುಕೊಂಡು ಕೊಟ್ಟಿಗೆ ಹತ್ತಿರ ಬರುತ್ತಿದ್ದವು.

ಇನ್ನು ಬೆಲೆಯ ವಿಷಯ. ಬೇಕ್‌ವೆಲ್ ತನ್ನ ಉತ್ತಮ ಗಂಡುಗಳನ್ನು ಮಾರುತ್ತಿರಲಿಲ್ಲ, ಒಂದು ಹಂಗಾಮಿಗೆ ಬಾಡಿಗೆಗೆ ಕೊಡುತ್ತಿದ್ದ. ಹಂಗಾಮು ಮುಗಿದ ಮೇಲೆ ರಾಸು ವಾಪಸ್ಸು ಬರಬೇಕು. ಇದರಲ್ಲಿ ಎರಡು ಅನುಕೂಲ. ಬಡ ರೈತನೂ ಒಳ್ಳೆಯ ಗಂಡಿನಿಂದ ತನ್ನ ಹಿಂಡು ಸುಧಾರಿಸಿಕೊಳ್ಳಬಹುದು. ಬೇಕ್‌ವೆಲ್‌ಗೆ ಹತ್ತಾರು ಊರಿನಲ್ಲಿ ಹುಟ್ಟಿದ ಮರಿ ಕರು ನೋಡಿ, ಯಾವ ಗಂಡು ನಿಜವಾಗಿ ಒಳ್ಳೆಯದು ಅಂತ ತಿಳಿಯುತ್ತೆ. ಸಂತಾನ ನೋಡಿ ತಂದೆಗೆ ಬೆಲೆ ಕಟ್ಟೋದು ಅಂದರೆ ಇದೇ. 1760ರ ಸುಮಾರಿಗೆ ಆತನ ಟಗರಿನ ಬಾಡಿಗೆ ಒಂದಕ್ಕೆ 17 ಷಿಲಿಂಗ್ 6 ಪೆನ್ಸ್. ಒಂದು ಪೌಂಡ್ ಕೂಡ ಅಲ್ಲ. ಆಗ ಜನ ನಕ್ಕರೂ ಆತ ಬಿಡಲಿಲ್ಲ. 1786ರಲ್ಲಿ ಟಗರು ಬಾಡಿಗೆಯಿಂದಲೇ 1,000 ಗಿನಿಗೂ ಹೆಚ್ಚು ಬಂತು. 1789ರಲ್ಲಿ ಮೂರೇ ಮೂರು ಟಗರಿಗೆ 1,200 ಗಿನಿ. ಗಿನಿ ಅಂದರೆ 21 ಷಿಲಿಂಗ್, ಪೌಂಡಿಗಿಂತ ಒಂದು ಷಿಲಿಂಗ್ ಹೆಚ್ಚು.

ಗಂಡು ಬಾಡಿಗೆಗೆ ಹೋಗಿ ಬರುತ್ತೆ. ಆದರೆ ಕಡಸು ಮಾರಿದರೆ ತಾಯಿ ಬೇರೇ ಹೋದಂತೆ. ಅದಕ್ಕೇ ಕಡಸಿನ ಬೆಲೆ ಕಟ್ಟೋದು ಹೆಚ್ಚು ಕಷ್ಟ. ಬೇಕ್‌ವೆಲ್ ದಾರಿಯಲ್ಲಿ ಯೋಚಿಸಿದರೆ ಗಬ್ಬದ ಕಡಸಿನ ಬೆಲೆಯಲ್ಲಿ ಮೂರು ಬಾಬ್ತು ಇವೆ. ಒಂದು, ಗಬ್ಬ ಇಲ್ಲದಿದ್ದರೂ ಆ ರಾಸಿಗೆ ಸಂತೆಯಲ್ಲಿ ಸಿಗುವ ಬೆಲೆ, ಇದು ತಳ. ಎರಡು, ಕರುವಿನಿಂದ ಇಲ್ಲಿವರೆಗೆ ಸಾಕಿದ ಖರ್ಚು. ಮೂರು, ಹೊಟ್ಟೆಯಲ್ಲಿರುವ ಕರುವಿನ ತಂದೆಯ ಯೋಗ್ಯತೆ, ಮತ್ತು ಈಯಲು ಇನ್ನೆಷ್ಟು ತಿಂಗಳು ಕಾಯಬೇಕು ಅನ್ನೋದು.

ಎರಡನೇ ಬಾಬ್ತಿನಲ್ಲಿ ನಾವೆಲ್ಲಾ ತಪ್ಪೋದು ಒಂದು ಕಡೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, 10 ಕಡಸು ಸಾಕಲು ತಲಾ 30,000 ರೂಪಾಯಿ ಬಿತ್ತು, ಒಟ್ಟು 3 ಲಕ್ಷ. ಹತ್ತೂ ಗಬ್ಬ ನಿಲ್ಲೋದಿಲ್ಲ. ಎಂಟು ನಿಂತವು, ಎರಡು ಬರಡಾದವು ಅನ್ನಿ. ಬರಡಾದ ಎರಡನ್ನು ತಲಾ 18,000ಕ್ಕೆ ಕೊಟ್ಟರೆ 36,000 ಬಂತು. ಉಳಿದ 2,64,000 ರೂಪಾಯಿಯನ್ನು ಎಂಟು ಗಬ್ಬದ ಕಡಸುಗಳೇ ಹೊರಬೇಕು. ತಲಾ 33,000 ಆಯ್ತು. 30,000ಕ್ಕೆ ಮಾರಿದವನು ಅಸಲು ಬಂತು ಅಂದುಕೊಳ್ಳುತ್ತಾನೆ, ನಿಜವಾಗಿ ತಲಾ 3,000 ಕಳೆದುಕೊಂಡಿರುತ್ತಾನೆ. ಲಾಭದ ಮಾತು ಆಮೇಲೆ.

ಬೆಲೆ ಗೊತ್ತಿದ್ದ ಬೇಕ್‌ವೆಲ್ ಕೂಡ ಖರ್ಚಿನ ಮುಂದೆ ಸೋತ. ಡಿಶ್ಲಿಗೆ ದೇಶ ವಿದೇಶದಿಂದ ಜನ ಬರುತ್ತಿದ್ದರು. ಫ್ರಾನ್ಸಿನ ಶ್ರೀಮಂತರಿಂದ ಹಿಡಿದು ಸಾಮಾನ್ಯ ರೈತರವರೆಗೆ ಎಲ್ಲರಿಗೂ ಅದೇ ಅಡುಗೆಮನೆಯಲ್ಲಿ ಊಟ. ಪ್ರಯೋಗಕ್ಕೂ ಅತಿಥಿಗಳಿಗೂ ಕೈ ಬಿಚ್ಚಿ ಖರ್ಚು ಮಾಡಿದ. 1776ರಲ್ಲಿ ದಿವಾಳಿಯಾದ. ಆಗ ಆತನಿಗೆ ವಯಸ್ಸು 51. ದೇಶಕ್ಕೆಲ್ಲಾ ಹೆಸರಾದ ರೈತನ ಹೆಸರು ದಿವಾಳಿಕೋರರ ಪಟ್ಟಿಯಲ್ಲಿ ಬಂತು ಅಂದರೆ ಆ ನೋವು ಎಂಥದ್ದು ಅಂತ ಸಾಲ ಮಾಡಿದವರಿಗೇ ಗೊತ್ತು. ಆದರೂ ಎದೆಗುಂದದೆ ಅದೇ ಡಿಶ್ಲಿಯಲ್ಲಿ ದುಡಿದು ಮೇಲೆದ್ದ. ಮೇಲೆ ಹೇಳಿದ ಸಾವಿರಾರು ಗಿನಿ ಬಂದದ್ದು ದಿವಾಳಿಯಾದ ಮೇಲಿನ ಮಾತು.

1780ರ ದಶಕದಲ್ಲಿ ಆತನೂ ಸುತ್ತಲಿನ ತಳಿಗಾರರೂ ಸೇರಿ ಡಿಶ್ಲಿ ಸೊಸೈಟಿ ಅಂತ ಸಂಘ ಕಟ್ಟಿದರು. ತಳಿ ಶುದ್ಧವಾಗಿರಬೇಕು, ಟಗರಿನ ಬಾಡಿಗೆ ಕುಸಿಯಬಾರದು ಅಂತ ನಿಯಮ ಮಾಡಿಕೊಂಡರು. ಒಬ್ಬೊಬ್ಬರೇ ಇದ್ದಾಗ ಕೊಳ್ಳುವವನು ಹೇಳಿದ್ದೇ ಬೆಲೆ, ಒಟ್ಟಾದಾಗ ಬೆಳೆದವನ ಮಾತಿಗೂ ಬೆಲೆ. ಇದು ನಮ್ಮ ಸಂಘದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಸಂಘ ನಾಲ್ಕು ಜನರ ಗುಟ್ಟಿನ ಕೂಟವಾಯ್ತು. ಒಳಗಿನ ಮಾತು ಹೊರಗೆ ಬಿಡುತ್ತಿರಲಿಲ್ಲ. ಬೇಕ್‌ವೆಲ್ ಕೂಡ ಯಾವ ರಾಸು ಯಾವುದರ ಮಗ, ಯಾವುದರ ಮಗಳು ಅಂತ ಹೊರಗಿನವರಿಗೆ ಬಿಟ್ಟುಕೊಡಲಿಲ್ಲ. ಕಟುಕರಿಗೆ ಕೊಡುವ ಕುರಿಗಳನ್ನು ಬೇರೆಯವರು ತಳಿಗೆ ಇಟ್ಟುಕೊಳ್ಳಬಾರದೆಂದು ಜೌಗು ಹುಲ್ಲಿನಲ್ಲಿ ಮೇಯಿಸಿ ರೋಗ ಬರಿಸುತ್ತಿದ್ದ ಅಂತಲೂ ಆ ಕಾಲದವರು ಬರೆದಿದ್ದಾರೆ. ಇದನ್ನು ಮೆಚ್ಚಲು ಆಗೋದಿಲ್ಲ.

1791ರಲ್ಲಿ ಬೇಕ್‌ವೆಲ್ ರಕ್ತದ ಲಾಂಗ್‌ಹಾರ್ನ್ ಸಾಕಿದ್ದ ಆಕ್ಸ್‌ಫರ್ಡ್‌ಶೈರಿನ ಫೌಲರ್ ಎಂಬ ರೈತನ ಹಿಂಡು ಹರಾಜಾಯ್ತು. 50 ರಾಸಿಗೆ 4,000 ಪೌಂಡಿಗೂ ಹೆಚ್ಚು ಬಂತು. ಸರಾಸರಿ ತಲಾ 80 ಪೌಂಡಿನ ಮೇಲೆ. ಬೇಕ್‌ವೆಲ್ 1795ರ ಅಕ್ಟೋಬರ್ 1ರಂದು, 70ನೇ ವಯಸ್ಸಿನಲ್ಲಿ ತೀರಿಕೊಂಡ. ಡಿಶ್ಲಿಯಲ್ಲೇ ಮಣ್ಣು ಮಾಡಿದರು.

ಆದರೆ ಆ ಬೆಲೆ ಉಳಿಯಲಿಲ್ಲ. ಮೈ ಕೊಬ್ಬುವ ಗುಣವೊಂದನ್ನೇ ಹಿಡಿದು ಹತ್ತಿರದ ರಕ್ತದಲ್ಲೇ ಕೂಡಿಸಿದ್ದರಿಂದ ಆ ದನಗಳಲ್ಲಿ ಹಾಲು ಕಡಿಮೆಯಾಯ್ತು, ಗಬ್ಬ ನಿಲ್ಲೋದೂ ಕಡಿಮೆಯಾಯ್ತು. ದುಬಾರಿ ಕಡಸು ಕೊಂಡು ತಂದವನಿಗೆ ಕರುವಿಗೆ ಸಾಕಾಗುವಷ್ಟು ಹಾಲಿಲ್ಲ ಅಂದರೆ ಆ ಬೆಲೆ ಹೇಗೆ ನಿಂತೀತು? ಬೇಕ್‌ವೆಲ್ ಕೊಟ್ಟಿಗೆ ನೋಡಿ ಕಲಿತ ಚಾರ್ಲ್ಸ್ ಕಾಲಿಂಗ್ ಮತ್ತು ಅವನ ಅಣ್ಣ ರಾಬರ್ಟ್, ಹಾಲೂ ಮಾಂಸವೂ ಇದ್ದ ಷಾರ್ಟ್‌ಹಾರ್ನ್, ಅಂದರೆ ಗಿಡ್ಡ ಕೊಂಬಿನ ತಳಿಯನ್ನು ಬೆಳೆಸಿದರು. 1810ರಲ್ಲಿ ಚಾರ್ಲ್ಸ್‌ನ ಹರಾಜಿನಲ್ಲಿ 47 ರಾಸಿಗೆ 7,100 ಪೌಂಡಿಗೂ ಹೆಚ್ಚು ಬಂತು. ಕಾಮೆಟ್ ಎಂಬ ಒಂದು ಹೋರಿಗೇ 1,000 ಗಿನಿ. 1822ರಲ್ಲಿ ಜಾರ್ಜ್ ಕೋಟ್ಸ್ ಎಂಬಾತ ಷಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನೇ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಬೇಕ್‌ವೆಲ್ ಬಚ್ಚಿಟ್ಟದ್ದನ್ನು ಈತ ಬಯಲಿಗೆ ಇಟ್ಟ. ಅಲ್ಲಿಂದ ಮುಂದೆ ಕಡಸು ಕೊಳ್ಳುವವನು ಅದರ ತಂದೆ ತಾಯಿ ಯಾರು ಅಂತ ಓದಿ ನೋಡಿ ದುಡ್ಡು ಕೊಡುವಂತಾಯ್ತು.

ಬಂಧುಗಳೇ, ಇಷ್ಟರಿಂದ ನಮಗೆ ತಿಳಿಯೋದು ಏನು? ನ್ಯಾಯವಾದ ಬೆಲೆ ಅಂದರೆ ಮಾರುವವನ ಪೂರಾ ಖರ್ಚು ಹುಟ್ಟಬೇಕು, ಕೊಂಡವನ ಮನೆಯಲ್ಲಿ ಆ ರಾಸು ದುಡಿದು ಆ ದುಡ್ಡು ತೀರಿಸಬೇಕು. ಈ ಎರಡರ ನಡುವೆ ಎಲ್ಲಿ ನಿಂತರೂ ಅದು ಧರ್ಮದ ಬೆಲೆಯೇ. ಬೇಕ್‌ವೆಲ್ ಮೊದಲನೆಯದನ್ನು ಮರೆತು ದಿವಾಳಿಯಾದ, ಆತನ ತಳಿ ಎರಡನೆಯದನ್ನು ಮರೆತು ಹಿಂದೆ ಬಿತ್ತು. ಎರಡೂ ಸರಿ ಹೋಗಬೇಕಾದರೆ ಬರವಣಿಗೆ ಬೇಕು. ಹಾಲಿಗೆ ಜಿಡ್ಡು ನೋಡಿ, ಬರೆದು, ದರ ಕೊಡೋದನ್ನು ನಾವು ಒಪ್ಪಿಕೊಂಡಿದ್ದೇವೆ. ಕಡಸಿಗೂ ಹಾಗೇ ಆಗಲಿ. ಯಾವ ದಿನ ಬೀಜ ಕೊಡಿಸಿದ್ದು, ಯಾವ ಹೋರಿಯದು, ತಾಯಿ ಎಷ್ಟು ಹಾಲು ಕರೆಯಿತು, ಹುಟ್ಟಿದ ತಾರೀಖು ಯಾವುದು, ಇಷ್ಟನ್ನು ಒಂದು ನೋಟ್ ಬುಕ್‌ನಲ್ಲಿ ಬರೆದಿಟ್ಟು, ಕೊಳ್ಳಲು ಬಂದವನ ಮುಂದೆ ಬಿಚ್ಚಿ ಇಡೋಣ. ಬರಡಾದದ್ದನ್ನೂ ಬರೆಯೋಣ, ಮುಚ್ಚಿಡೋದು ಬೇಡ. ಆಗ ಟವೆಲ್ ಕೆಳಗೆ ಬೆರಳು ಹಿಡಿಯುವ ಅಗತ್ಯ ಇರೋದಿಲ್ಲ.