ಲಕೋಟರ ನಾಯಕ ಸಿಟ್ಟಿಂಗ್ ಬುಲ್

ಅಮೆರಿಕದ ಇತಿಹಾಸವನ್ನು ಓದುವಾಗ, 1876ರ ಲಿಟ್ಲ್ ಬಿಗ್‌ಹಾರ್ನ್ ಕಾಳಗವೆಂದರೆ ಕಸ್ಟರನೆಂಬ ದಳಪತಿಯ ವೀರಮರಣವೆಂದೇ ನಾನು ತಿಳಿದಿದ್ದೆನು. ಆ ಹೊಳೆಯನ್ನು ಜಿಡ್ಡುಹುಲ್ಲಿನ ಹೊಳೆಯೆಂದು ಕರೆಯುವ ಲಕೋಟ ಜನರ ಕಡೆಯಿಂದ ನೋಡಿದಾಗ ಕಥೆಯೇ ಬೇರೆಯಾಯಿತು.

ಅವರ ನಾಯಕ ಸಿಟ್ಟಿಂಗ್ ಬುಲ್ 1831ರ ಸುಮಾರಿಗೆ ಹಂಕ್‌ಪಾಪ ಪಂಗಡದಲ್ಲಿ ಹುಟ್ಟಿದನು. ತತಾಂಕ ಇಯೊಟಾಕೆ, ಎಂದರೆ ಕುಳಿತ ಕಾಡುಕೋಣ, ಎಂಬುದು ಅವನ ಸ್ವಭಾಷೆಯ ಹೆಸರು. 1868ರ ಒಪ್ಪಂದದಂತೆ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಲಕೋಟರವೇ ಆಗಿದ್ದವು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಸರ್ಕಾರ ಮಾತಿಗೆ ತಪ್ಪಿತು. ಬೆಟ್ಟಗಳನ್ನು ಮಾರಲು ಲಕೋಟರು ಒಪ್ಪದಿರಲು ಸೇನೆ ಹೊರಟಿತು.

1876ರ ಜೂನ್ ತಿಂಗಳ ಸೂರ್ಯನೃತ್ಯದಲ್ಲಿ ಸಿಟ್ಟಿಂಗ್ ಬುಲ್ ತನ್ನ ತೋಳುಗಳ ಮಾಂಸದ ಚೂರುಗಳನ್ನೇ ಅರ್ಪಿಸಿದನು. ಸೈನಿಕರು ತಲೆಕೆಳಗಾಗಿ ಬಿಡಾರದೊಳಕ್ಕೆ ಬೀಳುವ ದರ್ಶನ ಅವನಿಗಾಯಿತು. ಅದೇ ತಿಂಗಳ 25ರಂದು, ಸಂಸಾರಸಮೇತರಾಗಿ ಅವರು ತಂಗಿದ್ದ ಬಿಡಾರದ ಮೇಲೆ ಕಸ್ಟರನ ಅಶ್ವದಳ ಎರಗಿತು. ತರುಣರು ಕಾದಿದರು, ನಡುವಯಸ್ಸಿನ ನಾಯಕನು ಹೆಂಗಸರು ಮಕ್ಕಳ ರಕ್ಷಣೆಗೆ ನಿಂತನು. ಕಸ್ಟರನೂ ಅವನ ಜೊತೆಗಿದ್ದ ಇನ್ನೂರಕ್ಕೂ ಮಿಕ್ಕ ಸೈನಿಕರೂ ಅಳಿದರು.

ಆದರೆ ಗೆದ್ದವರಿಗೆ ನೆಲ ದಕ್ಕಲಿಲ್ಲ. 1877ರಲ್ಲಿ ಸರ್ಕಾರ ಬೆಟ್ಟಗಳನ್ನು ಕಸಿದುಕೊಂಡಿತು. ಕೆನಡಕ್ಕೆ ಹೋಗಿದ್ದ ಸಿಟ್ಟಿಂಗ್ ಬುಲ್, ಬೇಟೆಯ ಕಾಡುಕೋಣಗಳು ಕ್ಷೀಣಿಸಿ ತನ್ನವರು ಹಸಿವಿನಿಂದ ಕಂಗೆಡಲು, 1881ರಲ್ಲಿ ಶರಣಾದನು. 1890ರ ಡಿಸೆಂಬರ್ 15ರಂದು ಅವನನ್ನು ಸೆರೆಹಿಡಿಯಲು ಬಂದವರು ಸರ್ಕಾರದ ಪೊಲೀಸರಾಗಿದ್ದ ಅವನ ಜನರೇ. ಅವರ ಗುಂಡಿಗೇ ಅವನು ಬಲಿಯಾದನು.

ಬೆಟ್ಟಗಳಿಗಾಗಿ ಪರಿಹಾರಧನ ಸಲ್ಲಬೇಕೆಂದು 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಲಕೋಟರು ಆ ಹಣವನ್ನು ಮುಟ್ಟಲಿಲ್ಲ. ಅವರಿಗೆ ಬೇಕಾದುದು ಬೆಟ್ಟಗಳು. ಕಸ್ಟರನ ಕಥೆಯನ್ನು ನಾನು ಈಗ ಮೊದಲಿನಂತೆ ಓದಲಾರೆನು.