ಲೂಯಿ ಪಾಶ್ಚರ್ ಮಹಾಶಯರು

1822ರಲ್ಲಿ ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ ಚರ್ಮ ಹದಮಾಡುವವರ ಮನೆಯಲ್ಲಿ ಹುಟ್ಟಿದ ಪಾಶ್ಚರ್ ಮಹಾಶಯರು, ನಮ್ಮ ವಂಶದಲ್ಲಿಯೇ ಮೊದಲು ಕಾಲೇಜಿನ ಮೆಟ್ಟಿಲೇರಿದ ನನಗೆ ತೀರ ಹತ್ತಿರದವರೆನಿಸುತ್ತಾರೆ. ಪ್ಯಾರಿಸ್ಸಿನ ವಿದ್ಯಾಲಯದಲ್ಲಿ ಅವರಿಗೆ ಮೊದಲು ದೊರೆತ ಪ್ರಯೋಗಶಾಲೆಯು ಅಟ್ಟದ ಮೇಲಿನ ಇಕ್ಕಟ್ಟಾದ ಜಾಗ. ಅವರು ಚಕ್ರವರ್ತಿ 3ನೆಯ ನೆಪೋಲಿಯನ್ನನಿಗೆ ಮೊರೆಯಿಟ್ಟರು. ಪ್ರಯೋಗಶಾಲೆಗಳಿಗೆ ಸರ್ಕಾರವು ಹಣ ಕೊಡಲೇಬೇಕೆಂದು 1868ರಲ್ಲಿ ಬರೆದು ವಾದಿಸಿದರು. ಅದೇ ವರ್ಷ ಪಾರ್ಶ್ವವಾಯು ಬಡಿದು ಎಡಭಾಗ ಸೊರಗಿದರೂ ಕೆಲಸ ಬಿಡಲಿಲ್ಲ. 1885ರಲ್ಲಿ ಹುಚ್ಚುನಾಯಿ ಕಚ್ಚಿದ 9 ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಲಸಿಕೆ ಹಾಕಿಸಿ ಉಳಿಸಿದರು. 1895ರಲ್ಲಿ ಕಾಲವಾದರು.

ನನ್ನ ತಮ್ಮನನ್ನು ಹುಚ್ಚುನಾಯಿ ಕಚ್ಚಿದಾಗ ಸರ್ಕಾರಿ ಆಸ್ಪತ್ರೆಯ ಚುಚ್ಚುಮದ್ದೇ ನಮಗೆ ಗತಿಯಾಯಿತು. ಇಂದು ಅವನು ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ. ಸಂಶೋಧನೆಗೆ ಬೊಕ್ಕಸದ ಹಣವೇಕೆಂದು ಕೇಳುವವರಿಗೆ ನಾನು ಅವನನ್ನು ತೋರಿಸುತ್ತೇನೆ.