ಮಾತು ಮುಚ್ಚಿಡದ ಮಿನುಗುತಾರೆ

ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಯಮನೂರಿಗೆ ಜನ ಹರಿದುಬರುತ್ತಾರೆ. ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗಸವಾರನೆಂದೂ ಭಜಿಸುವ ಸಂತನ ಸನ್ನಿಧಿಯದು. ಬೆಣ್ಣೆಹಳ್ಳದಲ್ಲಿ ಮಿಂದು, ಹಳ್ಳದ ನೀರಿನಿಂದಲೇ ದೀಪ ಬೆಳಗಿತೆಂಬ ಪವಾಡವನ್ನು ನಂಬಿ ಕೈಮುಗಿಯುವ ಜನಕ್ಕೆ ಜಾತ್ರೆಯೆಂದರೆ ದೇವರ ದರ್ಶನ, ಬಳೆ ಅಂಗಡಿ, ಮಿರ್ಚಿ-ಮಂಡಕ್ಕಿ. ಉತ್ತರ ಕರ್ನಾಟಕದ ಎಷ್ಟೋ ಜಾತ್ರೆಗಳಲ್ಲಿ ಇವುಗಳ ಜೊತೆಗೆ ರಾತ್ರಿಯ ನಾಟಕವೂ ಸೇರುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಬೀಡುಬಿಡುವುದನ್ನು ಕಂಡವರಿಗೆ ಜಾತ್ರೆ ಮತ್ತು ರಂಗಭೂಮಿಯ ಈ ನಂಟು ಹೊಸದಲ್ಲ.

ಸಿನಿಮಾ ಹಳ್ಳಿಯ ಪ್ರೇಕ್ಷಕರನ್ನೂ ಸೆಳೆದುಕೊಂಡಾಗ ಕಂಪನಿಗಳು ಒಂದು ಉಪಾಯ ಕಂಡುಕೊಂಡವು. ತೆರೆಯ ಮೇಲಿನ ತಾರೆಯನ್ನೇ ರಂಗಕ್ಕೆ ಕರೆತಂದು ಜನರೆದುರು ನಿಲ್ಲಿಸುವುದೇ ಆ ಉಪಾಯ. 1970ರ ದಶಕದ ಕೊನೆಯಲ್ಲಿ ಇದೇ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಗುಡಗೇರಿಯವರಾದ ಎನ್. ಬಸವರಾಜ ಅವರ ಕಂಪನಿಯ ಜೊತೆ ಊರೂರು ತಿರುಗಿದ ತಾರೆ ಮಾತ್ರ ಸಾಮಾನ್ಯರಾಗಿರಲಿಲ್ಲ. ಅವರು ಕಲ್ಪನಾ. ಕನ್ನಡಿಗರು ಮಿನುಗುತಾರೆ ಎಂದು ಕರೆದು ಮೆರೆಸಿದ ನಟಿ.

ಕಲ್ಪನಾ ಹೆಸರು ಬಂದಲ್ಲೆಲ್ಲ ಎರಡು ಸಂಗತಿಗಳು ತಪ್ಪದೆ ಬರುತ್ತವೆ. ಒಂದು ಅವರ ಅಭಿನಯ, ಇನ್ನೊಂದು ಅವರ ಮಾತು. ಅಭಿನಯದ ಬಗ್ಗೆ ತಕರಾರಿಲ್ಲ. ಮಾತಿನ ಬಗ್ಗೆ ಮಾತ್ರ ಅಹಂಕಾರ, ಹೊಟ್ಟೆಕಿಚ್ಚು, ಹಟ ಎಂಬ ಪದಗಳು ಸಲೀಸಾಗಿ ಉದುರುತ್ತವೆ. ಮನಸ್ಸಿನಲ್ಲಿದ್ದುದನ್ನು ನೇರವಾಗಿ ಆಡಿದ ನಟಿಯೊಬ್ಬರಿಗೆ ಈ ಹೆಸರುಗಳು ಹೇಗೆ ಅಂಟಿದವು ಎಂಬುದನ್ನು ತಿಳಿಯಲು ಅವರ ಬದುಕನ್ನು ಮೊದಲಿನಿಂದ ನೋಡಬೇಕು.

ಶರತ್‌ಲತಾ ಕಲ್ಪನಾ ಆದದ್ದು

1943ರ ಜುಲೈ 18ರಂದು ಹುಟ್ಟಿದ ಶರತ್‌ಲತಾ ಕರಾವಳಿಯ ಹುಡುಗಿ. ಬಿ.ಆರ್. ಪಂತುಲು ನಿರ್ದೇಶನದ ‘ಸಾಕು ಮಗಳು’ (1963) ಅವರನ್ನು ಕಲ್ಪನಾ ಎಂಬ ಹೆಸರಿನಲ್ಲಿ ತೆರೆಗೆ ತಂದಿತು. ಆಗ ಕನ್ನಡ ಚಿತ್ರೋದ್ಯಮ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನೇ ಅವಲಂಬಿಸಿತ್ತು. ನಾಯಕಿಯೆಂದರೆ ನಾಯಕನ ಪಕ್ಕದಲ್ಲಿ ಹಾಡಿ ಕುಣಿದು, ಕೊನೆಗೆ ಕಣ್ಣೀರಿಟ್ಟು ಮಂಗಳ ಹಾಡುವವಳು ಎಂಬ ಕಾಲವದು. ಹೊಸ ನಟಿಯ ಪಾಲಿಗೆ ಮೊದಲ ವರ್ಷಗಳಲ್ಲಿ ಬಂದದ್ದೂ ಹೆಚ್ಚುಕಡಿಮೆ ಅದೇ.

ಅದನ್ನು ಬದಲಿಸಿದ್ದು ‘ಬೆಳ್ಳಿಮೋಡ’ (1967). ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರ ಕಾದಂಬರಿಯನ್ನು ಕೈಗೆತ್ತಿಕೊಂಡು ಇಂದಿರೆಯ ಪಾತ್ರವನ್ನು ಕಲ್ಪನಾ ಅವರಿಗೆ ಒಪ್ಪಿಸಿದರು. ಆಸ್ತಿಯ ಮೇಲೆ ಕಣ್ಣಿಟ್ಟು ಒಲಿದವನು, ಆ ಆಸ್ತಿಗೆ ಗಂಡು ವಾರಸುದಾರ ಹುಟ್ಟಿದೊಡನೆ ದೂರ ಸರಿಯುತ್ತಾನೆ. ಮುಂದೆ ಪಶ್ಚಾತ್ತಾಪದಿಂದ ಮರಳಿ ಬಂದಾಗ ಇಂದಿರೆ ಅವನನ್ನು ಒಪ್ಪುವುದಿಲ್ಲ. ನಾಯಕಿ ಬೇಡವೆಂದು ಹೇಳುವ ಈ ಕೊನೆಗೆ ಜನ ಚಪ್ಪಾಳೆ ತಟ್ಟಿದರು. ಚಿತ್ರ ಗೆದ್ದಿತು, ನಟಿಯೂ ಗೆದ್ದರು.

ಅಲ್ಲಿಂದ ಮುಂದಿನ ನಾಲ್ಕೈದು ವರ್ಷ ಕಲ್ಪನಾ ಅವರ ಪಾಲಿಗೆ ಸುಗ್ಗಿ. ವಿಧವೆಯ ಮರುಮದುವೆಯ ಪ್ರಶ್ನೆಯನ್ನೆತ್ತಿದ ‘ಹಣ್ಣೆಲೆ ಚಿಗುರಿದಾಗ’ (1968), ದ್ವಿಪಾತ್ರದ ‘ಕಪ್ಪು ಬಿಳುಪು’ (1969), ವೇಶ್ಯೆಯ ಮನೆಯಲ್ಲಿ ಹುಟ್ಟಿ ಗೃಹಿಣಿಯಾಗಲು ಹಂಬಲಿಸುವ ಹೆಣ್ಣಿನ ‘ಗೆಜ್ಜೆಪೂಜೆ’ (1969), ‘ಕರುಳಿನ ಕರೆ’ (1970), ‘ಶರಪಂಜರ’ (1971) ಒಂದರ ಹಿಂದೊಂದು ಬಂದವು. ಮೂರು ಬಾರಿ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಅವರದಾಯಿತು. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಎಂಬ ಆ ಮೂರೂ ಚಿತ್ರಗಳು ತ್ರಿವೇಣಿಯವರ ಕಾದಂಬರಿಗಳು. ಕಲ್ಪನಾ ಚಿತ್ರರಂಗಕ್ಕೆ ಬಂದ 1963ರಲ್ಲೇ ತೀರಿಕೊಂಡ ಲೇಖಕಿ ತನ್ನ ಹೆಣ್ಣುಗಳನ್ನು ಈ ನಟಿಗೇ ಬಿಟ್ಟುಹೋದಂತಿತ್ತು.

ತೆರೆಯಾಚೆಗೂ ಅವರ ಪ್ರಭಾವವಿತ್ತು. ಅವರು ಉಟ್ಟ ಸೀರೆ, ತೊಟ್ಟ ತೋಳಿನ ರವಿಕೆ, ಕೈತುಂಬ ಬಳೆ, ಬೆರಳಿನ ದೊಡ್ಡ ಉಂಗುರ ಕಾಲೇಜು ಹುಡುಗಿಯರ, ಗೃಹಿಣಿಯರ ಅಲಂಕಾರವಾದವು. ಮಧ್ಯಮವರ್ಗದ ಹೆಣ್ಣುಮಕ್ಕಳು ನಾಯಕನಿಗಾಗಿ ಅಲ್ಲದೆ ನಾಯಕಿಗಾಗಿಯೇ ಚಿತ್ರಮಂದಿರಕ್ಕೆ ಹೋಗುವ ರೂಢಿ ಕಲ್ಪನಾ ಅವರಿಂದ ಬಲಗೊಂಡಿತು.

ಕೈಜಾರಿದ ಪಾತ್ರಗಳು

‘ಶರಪಂಜರ’ದ ನಂತರ ಪುಟ್ಟಣ್ಣ ಮತ್ತು ಕಲ್ಪನಾ ಮತ್ತೆ ಒಂದಾಗಲಿಲ್ಲ. ನಿರ್ದೇಶಕ ‘ನಾಗರಹಾವು’ (1972) ಚಿತ್ರಕ್ಕೆ ಆರತಿಯವರನ್ನು ನಾಯಕಿಯಾಗಿ ಆರಿಸಿದರು. ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದ ಮುಖ್ಯ ಪಾತ್ರ ಜಯಂತಿಯವರಿಗೆ ಹೋಯಿತು. ‘ಉಪಾಸನೆ’ (1974), ‘ಶುಭಮಂಗಳ’ (1975) ಚಿತ್ರಗಳಲ್ಲಿ ಮತ್ತೆ ಆರತಿ. ಇದೇ ಆರತಿ ಚಿತ್ರರಂಗಕ್ಕೆ ಮೊದಲು ಬಂದದ್ದು ಕಲ್ಪನಾ ನಾಯಕಿಯಾಗಿದ್ದ ‘ಗೆಜ್ಜೆಪೂಜೆ’ಯ ಸಣ್ಣ ಪಾತ್ರದ ಮೂಲಕ. ನಾಯಕಿಯಾಗಿ ಅವರು ತಮ್ಮ ಪ್ರತಿಭೆಯಿಂದಲೇ ನೆಲೆನಿಂತರು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಕಲ್ಪನಾ ತಮ್ಮ ಅಸಮಾಧಾನವನ್ನು ಬಚ್ಚಿಡಲಿಲ್ಲ. ಹೆಣ್ಣಿನ ಅಂತರಂಗವನ್ನು ತೆರೆದಿಡುವ ಆ ಬಗೆಯ ಪಾತ್ರಗಳಿಗೆ ತಾವೇ ತಕ್ಕವರೆಂಬ ನಂಬಿಕೆ ಅವರಲ್ಲಿತ್ತು. ನಗುತ್ತ ಶುಭ ಹಾರೈಸಿ ಒಳಗೊಳಗೇ ನೋಯುವ ಚಿತ್ರರಂಗದ ಶಿಷ್ಟಾಚಾರ ಅವರಿಗೆ ಒಗ್ಗಲಿಲ್ಲ. ಒಬ್ಬರ ಬಾಯಿಂದ ಹೊರಟ ಅಸಮಾಧಾನ ಸಿನಿಮಾ ಪತ್ರಿಕೆಗಳ ಪುಟಗಳಲ್ಲಿ ಇಬ್ಬರು ನಾಯಕಿಯರ ಜಗಳವಾಯಿತು. ಹೋಟೆಲ್ ಕಟ್ಟೆಯಲ್ಲಿ ಅದಕ್ಕೆ ರೆಕ್ಕೆಪುಕ್ಕ ಬಂದವು. ಸಹನಟಿಯರ ಬಗ್ಗೆ ಅವರು ಆಡಿದರೆನ್ನಲಾದ ಮಾತುಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಷ್ಟರಲ್ಲಿ ಇನ್ನಷ್ಟು ಹರಿತವಾದವು. ಅವುಗಳನ್ನು ಇಲ್ಲಿ ಮತ್ತೆ ಎತ್ತಿಹೇಳುವ ಅಗತ್ಯವಿಲ್ಲ. ಚಾಡಿಗೆ ಆಯುಷ್ಯ ಹೆಚ್ಚು.

ಈ ಗದ್ದಲದಲ್ಲಿ ಒಂದು ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಕನ್ನಡದಲ್ಲಿ ವರ್ಷಕ್ಕೆ ಬರುತ್ತಿದ್ದ ನಾಯಕಿಪ್ರಧಾನ ಚಿತ್ರಗಳು ಬೆರಳೆಣಿಕೆಯಷ್ಟು. ಆ ಪಾತ್ರ ಯಾರಿಗೆ ಎಂದು ತೀರ್ಮಾನಿಸುತ್ತಿದ್ದವರು ನಿರ್ಮಾಪಕರು, ನಿರ್ದೇಶಕರು, ಹಂಚಿಕೆದಾರರು. ಅವರಲ್ಲಿ ಬಹುತೇಕ ಎಲ್ಲರೂ ಗಂಡಸರು. ಪಂಕ್ತಿಯಲ್ಲಿ ಒಂದೇ ಎಲೆ ಹಾಕಿ ನಾಲ್ವರನ್ನು ಊಟಕ್ಕೆ ಕರೆದರೆ ತಳ್ಳಾಟ ಆಗದಿರುತ್ತದೆಯೇ? ತಳ್ಳಾಡಿದವರನ್ನು ಜನ ಬೈದರು. ಒಂದೇ ಎಲೆ ಹಾಕಿದವರನ್ನು ಕೇಳಲಿಲ್ಲ.

ಗಂಡಿಗೊಂದು, ಹೆಣ್ಣಿಗೊಂದು

ಇದೇ ಕಾಲದಲ್ಲಿ ನಾಯಕನಟರ ನಡುವೆಯೂ ಪೈಪೋಟಿಯ ಸುದ್ದಿಗಳಿದ್ದವು. 1973ರ ‘ಗಂಧದ ಗುಡಿ’ ಚಿತ್ರದಲ್ಲಿ ರಾಜಕುಮಾರ್ ಅವರಿಗೆ ಕಲ್ಪನಾ ನಾಯಕಿ. ಅದರ ಚಿತ್ರೀಕರಣದಲ್ಲಿ ಬಂದೂಕಿನಿಂದ ನಿಜವಾದ ಗುಂಡು ಹಾರಿದ ಪ್ರಸಂಗ ರಾಜಕುಮಾರ್ ಮತ್ತು ವಿಷ್ಣುವರ್ಧನ್ ಅಭಿಮಾನಿಗಳ ನಡುವೆ ವರ್ಷಗಟ್ಟಲೆ ಕಹಿ ಉಳಿಸಿತು. ಆ ನಟರಿಬ್ಬರೂ ಪರಸ್ಪರ ಗೌರವದಿಂದಲೇ ನಡೆದುಕೊಂಡರೂ ಅವರ ಹೆಸರಿನಲ್ಲಿ ಬೀದಿಗಿಳಿಯಲು ಅಭಿಮಾನಿಗಳ ದಂಡೇ ಇತ್ತು. ಕಲ್ಪನಾ ಅವರ ಪರವಾಗಿ ಬೀದಿಗಿಳಿಯುವ ಸಂಘ ಎಲ್ಲಿತ್ತು? ಅವರನ್ನು ಮೆಚ್ಚಿದವರಲ್ಲಿ ಹೆಚ್ಚಿನವರು ಮನೆಯೊಳಗಿನ ಹೆಣ್ಣುಮಕ್ಕಳು. ಮಧ್ಯಾಹ್ನದ ಆಟಕ್ಕೆ ಬಂದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಂಡ ಮನೆಗೆ ಬರುವಷ್ಟರಲ್ಲಿ ಒಲೆ ಹೊತ್ತಿಸಬೇಕಾದವರು. ಅವರ ಮೆಚ್ಚುಗೆ ಗಲ್ಲಾಪೆಟ್ಟಿಗೆಯಲ್ಲಿ ಕಾಣುತ್ತಿತ್ತು, ಬೀದಿಯಲ್ಲಿ ಕೇಳಿಸುತ್ತಿರಲಿಲ್ಲ.

ಇನ್ನು ತೆರೆಯ ಮೇಲೆ ಜನ ನೋಡಿ ನಲಿದದ್ದೇನು? 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಸಿರಿಯ ಸೊಕ್ಕಿನ ಹುಡುಗಿಯಾಗಿ ಮಂಜುಳಾ, 1976ರ ‘ಬಹದ್ದೂರ್ ಗಂಡು’ ಚಿತ್ರದಲ್ಲಿ ಅಹಂಕಾರದ ರಾಜಕುಮಾರಿಯಾಗಿ ಜಯಂತಿ. ಮೊದಲನೆಯದು ಪಿ.ಬಿ. ಧುತ್ತರಗಿಯವರ ಜನಪ್ರಿಯ ಕಂಪನಿ ನಾಟಕ. ಉತ್ತರ ಕರ್ನಾಟಕದ ರಂಗದಿಂದ ಚಿತ್ರರಂಗಕ್ಕೆ ಹೋದದ್ದು. ಎರಡರಲ್ಲೂ ಹೆಣ್ಣು ಮೊದಲು ಗುಡುಗುತ್ತಾಳೆ, ಆಮೇಲೆ ಬಾಗುತ್ತಾಳೆ. ಮಾತು ಜೋರಾದಷ್ಟೂ ಶಿಳ್ಳೆ, ತಲೆ ಬಾಗಿದಾಗ ಇನ್ನೂ ಹೆಚ್ಚಿನ ಶಿಳ್ಳೆ. ಬಾಯಿಬಡುಕಿಯೆನಿಸಿಕೊಂಡವಳಿಗೆ ಕೊನೆಯ ರೀಲಿನಲ್ಲಿ ಬುದ್ಧಿ ಬರಲೇಬೇಕು ಎಂಬುದು ಪ್ರೇಕ್ಷಕನಿಗೆ ಕಂಠಪಾಠವಾಗಿತ್ತು. ತೆರೆಯಾಚೆಯ ಕಲ್ಪನಾ ಅವರಿಂದಲೂ ಜನ ನಿರೀಕ್ಷಿಸಿದ್ದು ಆ ಕೊನೆಯ ರೀಲನ್ನೇ. ಅವರು ಬಾಗಲಿಲ್ಲ.

ಅವರೇ ಅಭಿನಯಿಸಿದ ಕಾವೇರಿಯ ಕಥೆಯನ್ನು ಇಲ್ಲಿ ನೆನೆಯಬೇಕು. ‘ಶರಪಂಜರ’ದ ಕಾವೇರಿ ಮನೋರೋಗದಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಅವಳು ನಕ್ಕರೂ, ಸಿಟ್ಟಾದರೂ, ನ್ಯಾಯ ಕೇಳಿದರೂ ಸುತ್ತಲಿನವರಿಗೆ ಅದು ಹುಚ್ಚಾಗಿಯೇ ಕಾಣುತ್ತದೆ. ಗಂಡನ ದ್ರೋಹ ತಿಳಿದ ಮೇಲೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಕಲ್ಪನಾ ಅವರ ಸ್ಥಿತಿಯೂ ಬೇರೆಯಾಗಿರಲಿಲ್ಲ. ಒಮ್ಮೆ ಅಹಂಕಾರಿ ಎಂಬ ಹಣೆಪಟ್ಟಿ ಅಂಟಿದ ಮೇಲೆ ಅವರ ನೋವೂ ಅಹಂಕಾರವೆನಿಸಿತು, ಮೌನವೂ ಅಹಂಕಾರವೆನಿಸಿತು. ಕಾವೇರಿಗಾಗಿ ಅತ್ತವರೇ ಕಲ್ಪನಾ ಅವರ ಮಾತು ಕೇಳಿ ಮೂಗು ಮುರಿದರು.

ಹಾಗೆಂದು ಅವರ ಎಲ್ಲ ಮಾತೂ ಸರಿಯೆನ್ನಬೇಕಾಗಿಲ್ಲ. ಹೊಸಬರಿಗೆ ದಾರಿ ಬಿಡುವುದು ಕಲೆಯ ಧರ್ಮ. ತನಗೊಲಿದ ಪಾತ್ರ ತನ್ನ ಸ್ವತ್ತೆಂದು ಭಾವಿಸುವುದು ಯಾವ ನಟಿಗೂ ಶೋಭಿಸದು. ಆದರೆ ಮಾತಿನ ತಪ್ಪಿಗೆ ಮಾತಿನಲ್ಲೇ ಉತ್ತರ ಕೊಟ್ಟರೆ ಸಾಕಿತ್ತು. ಗುಣವನ್ನೇ ಅಳೆದು ತೀರ್ಪು ಕೊಟ್ಟದ್ದು ಹೆಚ್ಚಾಯಿತು.

ಗುಡಗೇರಿಯ ನಂಟು, ಗೋಟೂರಿನ ರಾತ್ರಿ

ಕಲ್ಪನಾ ಸುಮ್ಮನೆ ಮೂಲೆ ಸೇರಿದವರಲ್ಲ. ‘ಎರಡು ಕನಸು’ (1974) ಚಿತ್ರದಲ್ಲಿ ಮಂಜುಳಾ ಅವರೊಂದಿಗೆ ತೆರೆ ಹಂಚಿಕೊಂಡು, ಗಂಡನ ಒಲವಿಗಾಗಿ ಕಾಯುವ ಹೆಂಡತಿಯಾಗಿ ಮನಗೆದ್ದರು. ಪ್ರತಿಸ್ಪರ್ಧಿಗಳೊಂದಿಗೆ ಅವರಿಗೆ ಹೊಂದಿಕೆಯೇ ಆಗದು ಎನ್ನುವವರಿಗೆ ಆ ಚಿತ್ರವೇ ಉತ್ತರ. ದೊರೆ-ಭಗವಾನ್ ಜೋಡಿಯದೇ ‘ಬಯಲು ದಾರಿ’ (1976) ಚಿತ್ರದಲ್ಲಿ ಅನಂತನಾಗ್ ಅವರಿಗೆ ಜೋಡಿಯಾದರು. ಆದರೂ ದಶಕದ ಕೊನೆಯ ಹೊತ್ತಿಗೆ ಹಿಂದಿನಂಥ ಪಾತ್ರಗಳು ವಿರಳವಾದವು. ಆಗ ಕೈಹಿಡಿದದ್ದು ಗುಡಗೇರಿ ಬಸವರಾಜ ಅವರ ನಾಟಕ ಕಂಪನಿ.

ಕಂಪನಿ ರಂಗಭೂಮಿಯಲ್ಲಿ ಮರುಚಿತ್ರಣವಿಲ್ಲ, ಕತ್ತರಿಯಿಲ್ಲ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಧ್ವನಿ ಮುಟ್ಟಬೇಕು. ಜನ ಮೆಚ್ಚಿದರೆ ಅಲ್ಲೇ ಒನ್ಸ್ ಮೋರ್, ಮೆಚ್ಚದಿದ್ದರೆ ಅಲ್ಲೇ ಕೂಗು. ಹತ್ತಾರು ಚಿತ್ರಗಳ ನಾಯಕಿ ಈ ಪರೀಕ್ಷೆಗೆ ಒಡ್ಡಿಕೊಂಡರು. ಸಿನಿಮಾ ತಾರೆಯನ್ನು ಕಣ್ಣಾರೆ ಕಾಣಲು ಚಕ್ಕಡಿ ಕಟ್ಟಿಕೊಂಡು ಬಂದ ಹಳ್ಳಿಯ ಜನರಿಗೆ ಅದು ಹಬ್ಬ. ಪಟ್ಟಣದ ಮಾತುಗಾರರಿಗೆ ಮಾತ್ರ ಅದು ಬಿದ್ದವಳನ್ನು ಬೆರಳಿಟ್ಟು ತೋರಿಸಲು ಸಿಕ್ಕ ಇನ್ನೊಂದು ನೆಪ. ರಂಗಕ್ಕೆ ಬರುವುದನ್ನು ಇಳಿತವೆಂದು ಬಗೆದವರಿಗೆ ಕನ್ನಡ ಚಿತ್ರರಂಗ ಬೆಳೆದದ್ದೇ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳ ಮಡಿಲಲ್ಲಿ ಎಂಬುದು ಮರೆತುಹೋಗಿತ್ತು.

1979ರ ಮೇ ತಿಂಗಳಲ್ಲಿ ಕಂಪನಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಕಡೆಗಿತ್ತು. ಸಮೀಪದ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕಲ್ಪನಾ ತಂಗಿದ್ದರು. ಮೇ 12ರ ರಾತ್ರಿ ಅವರ ಬದುಕು ಅಲ್ಲಿಯೇ ಕೊನೆಗೊಂಡಿತು. ವಯಸ್ಸು ಇನ್ನೂ 35. ಆತ್ಮಹತ್ಯೆಯೆಂಬ ಸುದ್ದಿ ಬೆಳಗಾಗುವಷ್ಟರಲ್ಲಿ ನಾಡಿನ ಉದ್ದಗಲಕ್ಕೂ ಹಬ್ಬಿತು. ಅದರ ಬೆನ್ನಿಗೇ ಬಗೆಬಗೆಯ ಊಹೆಗಳೂ ಹೊರಟವು. ಬದುಕಿದ್ದಾಗ ಅವರ ಮಾತನ್ನು ಹಿಗ್ಗಿಸಿದ ನಾಲಗೆಗಳೇ ಸಾವನ್ನೂ ಹಿಗ್ಗಿಸಿದವು.

ನೆನಪಿನ ಋಣ

ಪುಟ್ಟಣ್ಣ ಕಣಗಾಲ್ 1985ರಲ್ಲಿ ತೀರಿಕೊಂಡರು. ‘ಎರಡು ಕನಸು’ ಚಿತ್ರದ ಇನ್ನೊಬ್ಬ ನಾಯಕಿ ಮಂಜುಳಾ 1986ರಲ್ಲಿ ಬೆಂಕಿ ಅವಘಡಕ್ಕೆ ಬಲಿಯಾದರು. ತೆರೆಯ ಮೇಲೆ ಗುಡುಗಿದ ಆ ನಟಿಯ ಸಾವಿನ ಸುತ್ತಲೂ ಮಾತಿನ ಹುತ್ತ ಬೆಳೆಯಿತು. ತಾರೆಯರ ಬದುಕನ್ನು ಹೀಗೆ ಕಥೆಗಳಲ್ಲಿ ಹೂಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಇಂದು ನಟಿಯೊಬ್ಬರು ಇನ್ನೊಬ್ಬರ ಬಗ್ಗೆ ಒಂದು ಮಾತಾಡಿದರೆ ಮೊಬೈಲಿನಲ್ಲಿ ನಿಮಿಷಕ್ಕೆ ಸಾವಿರ ಬೈಗುಳ ಬೀಳುತ್ತವೆ. ವೇಗ ಹೆಚ್ಚಿದೆ, ಧಾಟಿ 1970ರ ದಶಕದ್ದೇ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟುವಾಗ ಹಳಬರು ಗೋಟೂರಿನ ದಿಕ್ಕಿಗೆ ಕೈತೋರಿಸಿ ಕಲ್ಪನಾ ಅವರ ಸಾವಿನ ಕಥೆ ಶುರುಮಾಡುವುದುಂಟು. ಆ ಕಥೆಯ ಜೊತೆಗೆ ಇನ್ನೊಂದನ್ನೂ ಹೇಳಬಹುದು. ಮರಳಿ ಬಂದ ಪ್ರಿಯಕರನನ್ನು ಎದುರಿಗೆ ನಿಲ್ಲಿಸಿಕೊಂಡು ಬೇಡವೆಂದ ಇಂದಿರೆಯ ಕಥೆ ಅದು. 1967ರಲ್ಲಿ ಆ ಮಾತಿಗೆ ಕನ್ನಡಿಗರು ಚಪ್ಪಾಳೆ ತಟ್ಟಿದ್ದರು. ಅದನ್ನಾಡಿದ ನಟಿಗೆ ತೆರೆಯ ಹೊರಗೂ ಮಾತಾಡುವ ಹಕ್ಕಿತ್ತೆಂದು ಒಪ್ಪಿಕೊಂಡರೆ ಆ ಚಪ್ಪಾಳೆಯ ಋಣ ತೀರೀತು.